ಕೂದಲಿರುವ ಬ್ಯಾಕ್ಟೀರಿಯಾ

ಆಗಸ್ಟ್‌ನಲ್ಲಿ ಮಗನಿಗೆ ಗಂಟಲು ಕೆಟ್ಟು ಜ್ವರ ಬಂತು. ಐದು ದಿನಕ್ಕೆ ಆಂಟಿಬಯೋಟಿಕ್ ಕೊಟ್ಟರು. ಜ್ವರ ಮೂರನೇ ದಿನಕ್ಕೇ ಇಳಿಯಿತು. ಆದರೆ ನಾಲ್ಕನೇ ದಿನ ಭೇದಿ ಶುರುವಾಯಿತು. ಆರು ವರ್ಷದ ಹುಡುಗ, ದಿನಕ್ಕೆ ಏಳೆಂಟು ಸಲ. ಕಣ್ಣು ಒಳಗೆ ಹೋಗಿದ್ದು ನೋಡಿ ನನ್ನ ಎದೆ ಧಸಕ್ ಎಂದಿತು. ಡಾಕ್ಟರು ಓಆರ್‌ಎಸ್ ಜೊತೆ ಒಂದು ಪುಡಿ ಪೊಟ್ಟಣವನ್ನೂ ಬರೆದುಕೊಟ್ಟರು. ನಮ್ಮ ಅತ್ತೆ ಅದನ್ನು ತಿರುಗಿಸಿ ನೋಡಿ, "ಇದೇನ್ ಪುಡೀನವಾ, ಮಜ್ಜಿಗಿ ಕುಡಸು. ಎಲ್ಲಾ ಸರಿ ಆಕ್ಕೈತಿ" ಎಂದರು.

ಎರಡನ್ನೂ ಕೊಟ್ಟೆವು. ಮೂರು ದಿನದಲ್ಲಿ ಭೇದಿ ನಿಂತಿತು. ಪುಡಿಯಿಂದಲೋ, ಮಜ್ಜಿಗೆಯಿಂದಲೋ, ತಾನಾಗಿಯೇ ನಿಂತಿತೋ, ಒಬ್ಬ ಹುಡುಗನನ್ನು ನೋಡಿ ಹೇಳೋಕಾಗಲ್ಲ. ಆದರೆ ಎರಡಕ್ಕೂ ಏನು ವ್ಯತ್ಯಾಸ ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಇಷ್ಟೂ ತಿಳಿಯದಿದ್ದರೆ ಹೇಗೆ ಅನ್ನಿಸಿತು.

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ' ಎಂದಿತ್ತು. ಅದು ಪುಡಿಯಲ್ಲಿರುವ ಬ್ಯಾಕ್ಟೀರಿಯಾದ ಹೆಸರು. 1983ರಲ್ಲಿ ಅಮೆರಿಕದ ಶೆರ್ವುಡ್ ಗೋರ್ಬಾಕ್ ಮತ್ತು ಬ್ಯಾರಿ ಗೋಲ್ಡಿನ್ ಇದನ್ನು ಆರೋಗ್ಯವಂತ ಮನುಷ್ಯನ ಕರುಳಿನಿಂದ ಬೇರ್ಪಡಿಸಿದ್ದರು. ಅವರಿಬ್ಬರ ಅಡ್ಡಹೆಸರಿನ ಮೊದಲ ಅಕ್ಷರಗಳೇ ಈ ಜಿಜಿ.

ಕರುಳು ಅಂದರೆ ಹೆಪ್ಪು ಹಾಕಿಟ್ಟ ಗಡಿಗೆಯ ಹಾಗೆ ಅಲುಗಾಡದೆ ಇರುವ ಜಾಗ ಅಲ್ಲ. ಊಟ, ನೀರು, ಲೋಳೆ ಎಲ್ಲವನ್ನೂ ಹಗಲೂ ರಾತ್ರಿ ಕೆಳಗೆ ತಳ್ಳುತ್ತಲೇ ಇರುತ್ತದೆ. ದೊಡ್ಡ ಕರುಳಿನ ಗೋಡೆಗೆ ಎರಡು ಪದರ ಲೋಳೆ ಇದೆ. ಒಳಗಿನದು ಬಿಗಿ, ಅಲ್ಲಿಗೆ ಬ್ಯಾಕ್ಟೀರಿಯಾ ಬರೋದು ಕಷ್ಟ. ಹೊರಗಿನದು ಸಡಿಲ, ಅವು ಮನೆ ಮಾಡೋದು ಅಲ್ಲೇ. ಹಿಡಿದುಕೊಳ್ಳಲು ಏನೂ ಇಲ್ಲದ ಬ್ಯಾಕ್ಟೀರಿಯಾ ಎಷ್ಟೇ ಒಳ್ಳೆಯದಿರಲಿ, ಹರಿವಿನ ಜೊತೆ ಹೊರಗೆ ಹೋಗುತ್ತದೆ.

ಜಿಜಿ ತಳಿಗೆ ಮೈಮೇಲೆ ಸಣ್ಣ ಸಣ್ಣ ಕೂದಲಿವೆ. ಪಿಲೈ ಅಂತ ಅವುಗಳ ಹೆಸರು, ಪ್ರೋಟೀನಿನಿಂದ ಆದವು. 2009ರಲ್ಲಿ ಫಿನ್ಲೆಂಡಿನ ಸಂಶೋಧಕರು ಇದೇ ಜಾತಿಯ ಎರಡು ತಳಿಗಳನ್ನು ಹೋಲಿಸಿ ನೋಡಿದರು. ಒಂದು ಜಿಜಿ, ಇನ್ನೊಂದು ಹಾಲಿನ ಉತ್ಪನ್ನಗಳಲ್ಲಿ ಬಳಸುವ ಎಲ್‌ಸಿ705. ಹೆಚ್ಚುಕಡಿಮೆ ಒಡಹುಟ್ಟಿದವರ ಹಾಗೆ ಇವೆ. ಆದರೆ ಕೂದಲು ಕಟ್ಟುವ ಜೀನ್‌ಗಳ ಗುಂಪು ಜಿಜಿಯಲ್ಲಿ ಮಾತ್ರ ಇತ್ತು. ಆ ಕೂದಲಿನಲ್ಲಿರುವ ಸ್ಪಾಸಿ ಅನ್ನೋ ಒಂದು ಪ್ರೋಟೀನು ಲೋಳೆಯನ್ನು ಹಿಡಿಯುತ್ತದೆ. ಜನರಿಗೆ ಎರಡನ್ನೂ ಕೊಟ್ಟು ನೋಡಿದಾಗ ಹೊಟ್ಟೆಯಲ್ಲಿ ಜಾಸ್ತಿ ದಿನ ಉಳಿದದ್ದು ಜಿಜಿ. ಹಾಗಂತ ಅದೂ ಕಾಯಂ ಅಲ್ಲ. ಪುಡಿ ನಿಲ್ಲಿಸಿದರೆ ಬೀಗರ ಹಾಗೆ ಕೆಲವು ದಿನ ಇದ್ದು ಹೋಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಸಿದ್ದು ಇನ್ನೊಂದು. ಮೊಲೆಹಾಲು ಕುಡಿಯುವ ಕೂಸುಗಳ ಹೊಟ್ಟೆಯಲ್ಲಿ ಬೈಫಿಡೋಬ್ಯಾಕ್ಟೀರಿಯಮ್ ಅನ್ನೋ ಬ್ಯಾಕ್ಟೀರಿಯಾ ತುಂಬಿರುತ್ತದೆ. ಅದರ ಬ್ರೆವೆ ಎಂಬ ಜಾತಿಯಲ್ಲೂ ಕೂದಲು ಕಟ್ಟುವ ಜೀನ್‌ಗಳಿವೆ. 'ಟ್ಯಾಡ್' ಅಂತ ಹೆಸರು, ಅಂದರೆ ಗಟ್ಟಿಯಾಗಿ ಅಂಟಿಕೊಳ್ಳುವುದು. 2011ರಲ್ಲಿ ಐರ್ಲೆಂಡಿನ ಕಾರ್ಕ್‌ನ ವಿಜ್ಞಾನಿಗಳು ಇಲಿಯ ಹೊಟ್ಟೆಗೆ ಅದನ್ನು ಬಿಟ್ಟರು. ಇಲಿಯ ಕರುಳಿನಲ್ಲಿ ಆ ಜೀನ್‌ಗಳು ಕೆಲಸಕ್ಕೆ ಇಳಿದವು. ಆ ಜೀನನ್ನು ಕೆಡಿಸಿದ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಸರಿಯಾಗಿ ನೆಲೆ ಸಿಗಲಿಲ್ಲ. ಬಾಣಂತಿ ಮನೆಯಲ್ಲಿ ಕೂಸನ್ನು ಎತ್ತಿಕೊಂಡಾಗೆಲ್ಲ ಇದು ನೆನಪಾಗುತ್ತದೆ. ಕಣ್ಣಿಗೆ ಕಾಣದ ಆ ಎಳೆಗಳು ಅದರ ಪುಟ್ಟ ಹೊಟ್ಟೆಯಲ್ಲಿ ಈಗಲೂ ಹಿಡಿಯುತ್ತಿರಬಹುದು ಅಲ್ವಾ?

ಇಂಥ ಪೊಟ್ಟಣಗಳ ಮೇಲೆ 'ಇಷ್ಟು ಕೋಟಿ ಬ್ಯಾಕ್ಟೀರಿಯಾ' ಅಂತ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಯಾವ ತಳಿ ಅನ್ನೋದು ಸಣ್ಣಕ್ಷರ. ಇದು ಉಲ್ಟಾ ಆಗಬೇಕು ಅಂತ ನನಗನ್ನಿಸುತ್ತದೆ. ಲೆಕ್ಕಕ್ಕಿಂತ ತಳಿ ಮುಖ್ಯ.

ಸೆಪ್ಟೆಂಬರ್‌ನಲ್ಲಿ ಅತ್ತೆಯ ಗಡಿಗೆಯಿಂದ ಒಂದು ಚಮಚ ಮೊಸರು ಲ್ಯಾಬ್‌ಗೆ ಒಯ್ದೆ. ಗಾಜಿನ ಮೇಲೆ ತೆಳ್ಳಗೆ ಹಚ್ಚಿ, ಒಣಗಿಸಿ, ದೀಪದ ಮೇಲೆ ಸ್ವಲ್ಪ ಬಿಸಿ ಮಾಡಿ, ಮಿಥಿಲೀನ್ ಬ್ಲೂ ಹಾಕಿ ತೊಳೆದೆವು. ಸೂಕ್ಷ್ಮದರ್ಶಕದಲ್ಲಿ ನೀಲಿ ಕಡ್ಡಿಗಳು, ನೀಲಿ ಮಣಿಸರಗಳು ಕಂಡವು. ಒಬ್ಬ ಹುಡುಗಿ ಕಣ್ಣು ತೆಗೆಯದೆ ಕೇಳಿದಳು, "ಮೇಡಂ, ಇವು ಹೊಟ್ಟ್ಯಾಗ ಉಳಿತಾವ್ರೀ? ಕೂದಲಾ ಎಲ್ಲ್ಯದಾವ್ರೀ?" ಕೂದಲು ಈ ಯಂತ್ರಕ್ಕೆ ಕಾಣುವಷ್ಟು ದಪ್ಪ ಇರೋಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಮುದ್ರಿಸಿದ ಚಿತ್ರವೊಂದನ್ನು ತೋರಿಸಿದೆ. ಅವಳು ಬೆರಳಿನಿಂದ ಒಂದೊಂದೇ ಎಳೆ ಎಣಿಸಿದಳು.

ಅದೇ ಭಾನುವಾರ ಮಗನನ್ನು ಕರೆದುಕೊಂಡು ಕೆಲಗೇರಿ ಕೆರೆ ಕಡೆ ಹೋಗಿದ್ದೆವು. ಬರುವಾಗ ಅವನ ಕಾಲುಚೀಲದ ತುಂಬ ಉತ್ತರಾಣಿ. ನೀರು ಹಾಕಿ ಉಜ್ಜಿದರೂ ಹೋಗಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತು ಒಂದೊಂದೇ ಕಿತ್ತರು. "ನೋಡ್ರಿ ಅತ್ತಿ, ಪುಡಿಯಾಗಿನ ಬ್ಯಾಕ್ಟೀರಿಯಾ ಹಿಂಗ ಹಿಡಕೋತಾವು" ಎಂದೆ.

"ಹಂಗಾದ್ರ ನಮ್ಮ ಮೊಸರಿನವು?"

"ಅವು ಬಹಳಷ್ಟು ಹಾದು ಹೋಗತಾವ್ರಿ. ಹೋಗೂ ಮುಂದ ಹಾಲಿನ ಸಕ್ಕರಿ ಕರಗಸಾಕ ಸಹಾಯ ಮಾಡಿ ಹೋಗತಾವು."

"ಅದಕ್ಕ ಮತ್ತ ದಿನಾ ಕುಡಿಯೂದು" ಎಂದು ಅತ್ತೆ ಇನ್ನೊಂದು ಉತ್ತರಾಣಿ ಕಿತ್ತರು.