ಮೇಸನ್ ಆದರೆ ಏನು ಲಾಭ?

ನಾನು ಫ್ರೀಮೇಸನ್, ಅಂದರೆ ಪ್ರಮಾಣ ಮಾಡಿ ಸೇರುವ ಒಂದು ಹಳೆಯ ಸೋದರ ಸಂಘದ ಸದಸ್ಯ, ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸೇರಿದ್ರೆ ಏನು ಲಾಭ ಸಾರ್? ದೊಡ್ಡ ದೊಡ್ಡವರ ಪರಿಚಯ ಆಗುತ್ತಂತೆ, ಕೆಲಸಗಳೆಲ್ಲ ಸಲೀಸಂತೆ?" ಕೇಳುವವರ ತಪ್ಪೇನಿಲ್ಲ. ಮೋತಿಲಾಲ್ ನೆಹರು ಮೇಸನ್ ಆಗಿದ್ದರು ಅಂತ ಓದಿದವರಿಗೆ ಹಾಗೆ ಅನ್ನಿಸುವುದು ಸಹಜ.

ಆದರೆ ಸೇರುವ ದಿನವೇ ಎಲ್ಲರೆದುರು ಒಂದು ಮಾತು ಹೇಳಬೇಕಾಗುತ್ತದೆ. ಯಾರ ಒತ್ತಾಯಕ್ಕೂ ಬಂದಿಲ್ಲ, ಲಾಭದ ಆಸೆಗೂ ಬಂದಿಲ್ಲ ಅಂತ. ಲಾಭ ಬೇಕಾದವನು ಅಲ್ಲೇ ಸುಳ್ಳು ಹೇಳಿ ಒಳಗೆ ಬರಬೇಕು. ಹಾಗೆ ಬಂದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ.

ಆಮೇಲೆ ನಡೆಯುವುದೇ ನನಗೆ ಮುಖ್ಯ. ದೀಕ್ಷೆಗೆ ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ನಾಣ್ಯ, ಗಡಿಯಾರ, ಉಂಗುರ ಎಲ್ಲ. ಪ್ರಮಾಣ ಮುಗಿದ ಮೇಲೆ ಲಾಡ್ಜಿನ (ನಮ್ಮ ಸ್ಥಳೀಯ ಶಾಖೆ, ಅದು ಸೇರುವ ಕೋಣೆಗೂ ಅದೇ ಹೆಸರು) ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗೆ ಏನಾದರೂ ಕೊಡು ಅನ್ನುತ್ತಾರೆ. ಕೊಡೋಕೆ ಏನಿದೆ? ಇಷ್ಟು ಜನರ ಮುಂದೆ ನನ್ನ ಹತ್ತಿರ ಏನೂ ಇಲ್ಲ ಅಂತ ಒಪ್ಪಿಕೊಳ್ಳಬೇಕು. ಬ್ಯಾಂಕಿನಲ್ಲಿ ಎಷ್ಟಿದ್ದರೂ ಆ ಕ್ಷಣಕ್ಕೆ ಕೈ ಖಾಲಿ. ಮುಂದೆ ಕಷ್ಟದಲ್ಲಿರುವ ಬ್ರದರ್ (ಮೇಸನರು ಒಬ್ಬರನ್ನೊಬ್ಬರು ಕರೆಯುವುದು ಹಾಗೆ) ಒಬ್ಬ ಎದುರಾದಾಗ ಈ ಗಳಿಗೆಯನ್ನು ನೆನಪಿಸಿಕೋ ಅಂತ ಆಗ ವಿವರಿಸುತ್ತಾರೆ. (ಗುಟ್ಟು ಬಿಟ್ಟುಕೊಟ್ಟೆ ಅಂದುಕೊಳ್ಳಬೇಡಿ. ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ 1730ರಲ್ಲೇ ಲಂಡನ್ನಿನಲ್ಲಿ ಮೇಸನರ ವಿಧಿಗಳನ್ನು ಅಚ್ಚು ಹಾಕಿಸಿಬಿಟ್ಟಿದ್ದ. ಈ ಭಾಗವೂ ಎಷ್ಟೋ ಪುಸ್ತಕಗಳಲ್ಲಿದೆ.)

ಪ್ರಮಾಣ ಮಾಡುವುದು ಅವರವರ ಧರ್ಮಗ್ರಂಥದ ಮೇಲೆ. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್ ಒಂದೇ ಪೀಠದ ಮೇಲೆ ಇರುವುದುಂಟು. ನನ್ನ ಗ್ರಂಥ ಮುಟ್ಟಿ ಕೊಟ್ಟ ಸಹಾಯದ ಮಾತಿಗೆ ನಾನೇ ಹೊಣೆ. ಸಂಸ್ಥೆ ತನ್ನ ಪಾಲಿನದ್ದನ್ನು ಮಾಡುತ್ತದೆ. ಕೊಯಮತ್ತೂರಿನಲ್ಲಿ ಮೇಸನರು ಕಟ್ಟಿದ ಮಕ್ಕಳ ಆಸ್ಪತ್ರೆ ಇದೆ. ಅದಕ್ಕೆ ದೇಣಿಗೆ ಕೊಟ್ಟೆ, ನನ್ನ ಬಾಕಿ ತೀರಿತು ಅನ್ನುವ ಹಾಗಿಲ್ಲ.

ಲಾಡ್ಜಿನಲ್ಲಿ ಆಲ್ಮೋನರ್ ಅಂತ ಒಂದು ಹುದ್ದೆ ಇದೆ. ಕಾಯಿಲೆ ಬಿದ್ದವರು, ತೀರಿಕೊಂಡವರ ಮನೆಯವರು ಹೇಗಿದ್ದಾರೆ ಅಂತ ವಿಚಾರಿಸಿಕೊಳ್ಳುವುದು ಅವರ ಕೆಲಸ. ವೇದಿಕೆ ಇಲ್ಲ, ಶಾಲು ಇಲ್ಲ. "ಅಮ್ಮಾ, ಪೆನ್ಷನ್ ಪೇಪರ್ ಆಯ್ತಾ? ನಾಳೆ ಯಾರನ್ನಾದರೂ ಕಳಿಸಲಾ?" ಅನ್ನುವ ಫೋನುಗಳು. ಆ 'ಯಾರಾದರೂ' ಸಾಮಾನ್ಯವಾಗಿ ನಮ್ಮಲ್ಲೇ ಒಬ್ಬ. ರಜೆ ಹಾಕಿ ಕಚೇರಿಯ ಬೆಂಚಿನ ಮೇಲೆ ಕಾದು ಕೂರುವುದು ಚೆಕ್ ಬರೆದಷ್ಟು ಸುಲಭ ಅಲ್ಲ.

ಈ ಕರ್ತವ್ಯಕ್ಕೆ ಗಡಿಯೂ ಇದೆ. ನಿನಗೂ ನಿನ್ನ ಮನೆಯವರಿಗೂ ಹಾನಿಯಾಗದಷ್ಟು ಸಹಾಯ ಮಾಡು ಅನ್ನುತ್ತದೆ ನಿಯಮ. ಹೆಂಡತಿ ಮಕ್ಕಳನ್ನು ಮರೆತು ಲಾಡ್ಜಿಗೆ ಓಡುವವನನ್ನು ಯಾರೂ ಹೊಗಳಬೇಕಾಗಿಲ್ಲ. ಇನ್ನೊಂದು ಗಡಿ ಕಾನೂನು. ಬ್ರದರ್ ಅನ್ನುವ ಕಾರಣಕ್ಕೆ ಫೈಲು ಬೇಗ ಪಾಸು ಮಾಡಿಸುವುದು, ಟೆಂಡರ್ ಕೊಡಿಸುವುದು ಪ್ರಮಾಣಕ್ಕೇ ವಿರುದ್ಧ. ಇದನ್ನು ಮರೆತರೆ ಏನಾಗುತ್ತದೆ ಅಂತ ಇಟಲಿ ನೋಡಿದೆ. ಅಲ್ಲಿನ 'ಪಿ2' ಲಾಡ್ಜನ್ನು ಮೇಸನರೇ 1976ರಲ್ಲಿ ಅಮಾನತು ಮಾಡಿದ್ದರು. ಅದರ ಮುಖ್ಯಸ್ಥ ಲಿಚೊ ಜೆಲ್ಲಿ ಮಾತ್ರ ಗುಟ್ಟಾಗಿ ನಡೆಸುತ್ತಲೇ ಹೋದ. 1981ರಲ್ಲಿ ಪೊಲೀಸರಿಗೆ ಸದಸ್ಯರ ಪಟ್ಟಿ ಸಿಕ್ಕಿತು. ಅದರಲ್ಲಿ ಮಂತ್ರಿಗಳಿದ್ದರು, ಸೇನಾಧಿಕಾರಿಗಳಿದ್ದರು, ಗುಪ್ತಚರ ಇಲಾಖೆಯ ಮುಖ್ಯಸ್ಥರೂ ಇದ್ದರು. ಸರ್ಕಾರವೇ ಬಿದ್ದುಹೋಯಿತು. ಜನ ನಮ್ಮನ್ನು ಅನುಮಾನದಿಂದ ನೋಡಿದರೆ ಕಾರಣ ಇದೆ, ಅಲ್ವಾ?

ಬ್ರದರ್ ಅಂದರೆ ಯಾರು ಅನ್ನುವುದರಲ್ಲೂ ನಮ್ಮ ಹಿಂದಿನವರು ಸಾಕಷ್ಟು ಎಡವಿದ್ದಾರೆ. ಮುಂಬೈಯ ಪಾರ್ಸಿ ಮಾಣೆಕ್‌ಜಿ ಕರ್ಸೆಟ್‌ಜಿಯವರನ್ನು ಇಲ್ಲಿನ ಇಂಗ್ಲಿಷರು ಸೇರಿಸಿಕೊಳ್ಳಲಿಲ್ಲ. ಅವರು ಪ್ಯಾರಿಸ್ಸಿನಲ್ಲಿ ಮೇಸನ್ ಆದರು. 1843ರಲ್ಲಿ ಮುಂಬೈಯಲ್ಲಿ ಭಾರತೀಯರಿಗೂ ಬಾಗಿಲು ತೆರೆದ ಲಾಡ್ಜ್ ಹುಟ್ಟಿತು. ಕಲ್ಕತ್ತದ ಪ್ರಸನ್ನ ಕುಮಾರ ದತ್ತರು ಹಿಂದೂ ಅನ್ನುವ ಕಾರಣಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ಪಟ್ಟು ಬಿಡದೆ 1872ರಲ್ಲಿ ಸೇರಿದರು. 12 ವರ್ಷ ಕಳೆದು ಅದೇ ಆ್ಯಂಕರ್ ಆ್ಯಂಡ್ ಹೋಪ್ ಲಾಡ್ಜಿಗೆ ನರೇಂದ್ರನಾಥ ದತ್ತ ಎಂಬ ಯುವಕ ಬಂದ. ಅವರೇ ಮುಂದೆ ವಿವೇಕಾನಂದರಾದದ್ದು. ಎಲ್ಲರೂ ಸಮಾನರು ಅನ್ನುವವರೇ ಮೈಬಣ್ಣ, ಧರ್ಮ ನೋಡಿ ಬಾಗಿಲು ಹಾಕಿದ್ದರು ಅನ್ನುವುದನ್ನು ನಮ್ಮವರು ಇನ್ನಷ್ಟು ಜೋರಾಗಿ ಹೇಳಬೇಕು. ನಮ್ಮ ಲಾಡ್ಜುಗಳ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದಲ್ಲಿ ಇವತ್ತಿಗೂ ಹೆಂಗಸರಿಗೆ ಸದಸ್ಯತ್ವ ಇಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರದೇ ಲಾಡ್ಜುಗಳು ನೂರು ವರ್ಷದಿಂದ ನಡೆಯುತ್ತಿವೆ. ನನಗಂತೂ ಇದು ಸರಿ ಕಾಣುವುದಿಲ್ಲ.

ಇನ್ನು ಲಾಭದ ಲೆಕ್ಕ. ಸೇರುವಾಗ ಶುಲ್ಕ, ಆಮೇಲೆ ವರ್ಷವರ್ಷ ಚಂದಾ. ಕಪ್ಪು ಸೂಟು, ಮೀಟಿಂಗಿನಲ್ಲಿ ಸೊಂಟಕ್ಕೆ ಕಟ್ಟುವ ಏಪ್ರನ್ ಖರ್ಚು ಬೇರೆ. ವಿಧಿಗಳ ಉದ್ದುದ್ದ ಪಾಠ ಬಾಯಿಪಾಠ ಮಾಡಬೇಕು. ಮೀಟಿಂಗ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ, ಊಟ ಚೆನ್ನಾಗೇ ಇರುತ್ತದೆ. ಅದರ ದುಡ್ಡೂ ನಮ್ಮದೇ.