ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ: ಮೊದಲ ಸಲ ಬರುವವರಿಗಾಗಿ ನನ್ನ ಅನುಭವ

ಅಹಮದಾಬಾದಿನಲ್ಲಿ ಕೆಲಸಕ್ಕಿರುವ ನಾನು ವರ್ಷಕ್ಕೆ ಮೂರು ನಾಲ್ಕು ಸಲ ತೀರ್ಥಹಳ್ಳಿಗೆ ಹೋಗಿ ಬರುತ್ತೇನೆ. ಬೆಂಗಳೂರಿನವರೆಗೆ ವಿಮಾನ, ಅಲ್ಲಿಂದ ಮೆಜೆಸ್ಟಿಕ್‌, ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಎಂಬುದು ನನ್ನ ಕಾಯಂ ದಾರಿ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದ್ದರೂ ನನ್ನ ವಿಮಾನದ ವೇಳೆಗೂ ಅಲ್ಲಿಯ ವಿಮಾನದ ವೇಳೆಗೂ ಹೊಂದಿಕೆಯಾಗದ ಕಾರಣ ಈ ದಾರಿಯನ್ನು ಬಿಟ್ಟಿಲ್ಲ. ಎರಡು ಗಂಟೆ ಚಿಲ್ಲರೆಯ ವಿಮಾನ ಪ್ರಯಾಣದ ಬಗ್ಗೆ ನಾನು ಎಂದೂ ಆತಂಕಪಟ್ಟಿದ್ದಿಲ್ಲ. ಅದು ಮುಗಿದ ಮೇಲಿನ 35 ಕಿಲೋಮೀಟರಿನ ಬಗ್ಗೆ ಮಾತ್ರ ಪ್ರತಿ ಸಲವೂ ಲೆಕ್ಕ ಹಾಕಿ ಹೊರಡಬೇಕಾಗುತ್ತದೆ. ಇದೇ ದಾರಿಯಲ್ಲಿ ಮೊದಲ ಸಲ ಬರುವವರಿಗೆ, ಅದರಲ್ಲಿಯೂ ಬೆಂಗಳೂರಿನಲ್ಲಿ ಉಳಿಯದೆ ಮುಂದಿನ ಊರಿಗೆ ಹೋಗುವವರಿಗೆ, ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಇಳಿಯುತ್ತಿದ್ದುದು ಊರೊಳಗಿನ ಎಚ್‌ಎಎಲ್‌ ನಿಲ್ದಾಣದಲ್ಲಿ. ಈಗಿನ ನಿಲ್ದಾಣವಿರುವುದು ಊರಿನ ಉತ್ತರಕ್ಕೆ, ದೇವನಹಳ್ಳಿಯ ಬಳಿ. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಸಾದಹಳ್ಳಿ, ಚಿಕ್ಕಜಾಲ, ಯಲಹಂಕದ ಪಕ್ಕವನ್ನು ಹಾದು ಹೆಬ್ಬಾಳಕ್ಕೆ ಬಂದು, ಅಲ್ಲಿಂದ ಮೇಖ್ರಿ ವೃತ್ತದ ಮೂಲಕ ನಗರದ ಒಳಗೆ ಸೇರಬೇಕು. ಈ ದಾರಿಯನ್ನು ಎರಡು ತುಂಡಾಗಿ ನೋಡಿದರೆ ಲೆಕ್ಕ ಸುಲಭವಾಗುತ್ತದೆ. ಹೆಬ್ಬಾಳದವರೆಗಿನ ಮೂರನೇ ಎರಡು ಪಾಲು ಅಗಲವಾದ ಹೆದ್ದಾರಿಯಾಗಿದ್ದು, ಅಲ್ಲಲ್ಲಿ ಮೇಲ್ಸೇತುವೆಗಳ ಮೇಲೆ ಸಾಗುವುದರಿಂದ ಹೆಚ್ಚಿನ ವೇಳೆಯಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಹೆಬ್ಬಾಳದಿಂದ ಮುಂದಿನ ಹತ್ತು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷವೂ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು. ವಿಮಾನ ನಿಲ್ದಾಣದ ಕಡೆಯ ವಾಹನಗಳು, ಯಲಹಂಕದ ಕಡೆಯವು, ಹೊರವರ್ತುಲ ರಸ್ತೆಯಲ್ಲಿ ಕೆ.ಆರ್‌.ಪುರದಿಂದಲೂ ತುಮಕೂರು ರಸ್ತೆಯ ಕಡೆಯಿಂದಲೂ ಬರುವವು ಎಲ್ಲವೂ ಹೆಬ್ಬಾಳದಲ್ಲಿಯೇ ಕೂಡುತ್ತವೆ. ಕೂಡಿದ ಮೇಲೆ ಸಾಗಬೇಕಾದ ರಸ್ತೆ ಮಾತ್ರ ಹಿಂದಿನದಕ್ಕಿಂತ ಕಿರಿದಾಗಿದೆ. 2025ರ ಆಗಸ್ಟಿನಲ್ಲಿ ಕೆ.ಆರ್‌.ಪುರದ ಕಡೆಯಿಂದ ಬರುವವರಿಗಾಗಿ ಅಲ್ಲಿ ಹೊಸ ಲೂಪ್‌ ತೆರೆದಿದ್ದಾರೆ. ಆದರೂ ಮೇಖ್ರಿ ವೃತ್ತ ಮತ್ತು ಅರಮನೆ ಮೈದಾನದ ಅಂಚಿನ ಇಕ್ಕಟ್ಟು ಹಾಗೆಯೇ ಇರುವುದರಿಂದ, ಹೆಬ್ಬಾಳವನ್ನು ಬೇಗ ದಾಟಿದ ಮಾತ್ರಕ್ಕೆ ಊರು ತಲುಪಿದಂತೆ ಎಂದು ತಿಳಿಯಬಾರದು.

ಇದನ್ನು ನಾನು ಕಲಿತದ್ದು ಒಂದು ದೀಪಾವಳಿಯ ಹಿಂದಿನ ದಿನ. ಸಂಜೆ ಆರೂಕಾಲಿಗೆ ವಿಮಾನ ಇಳಿದಿತ್ತು. ರಾತ್ರಿ ಒಂಬತ್ತೂಕಾಲಿಗೆ ಮೆಜೆಸ್ಟಿಕ್‌ನಿಂದ ತೀರ್ಥಹಳ್ಳಿಯ ಬಸ್ಸಿಗೆ ಸೀಟು ಕಾದಿರಿಸಿದ್ದೆ. ಮೂರು ಗಂಟೆ ಧಾರಾಳವಾಯಿತು ಎಂಬ ನಂಬಿಕೆಯಿಂದ ಲಗೇಜು ತೆಗೆದುಕೊಂಡು, ಕಾಫಿ ಕುಡಿದು, ಏಳು ಗಂಟೆಗೆ ಬಸ್ಸು ಹತ್ತಿದೆ. ಹೆಬ್ಬಾಳಕ್ಕೆ ಏಳೂಮುಕ್ಕಾಲಿಗೇ ಬಂದೆವು. ಅಲ್ಲಿಂದ ಮೆಜೆಸ್ಟಿಕ್‌ ತಲುಪುವಾಗ ಒಂಬತ್ತೂವರೆ ದಾಟಿತ್ತು. ಹಬ್ಬಕ್ಕೆ ಊರಿಗೆ ಹೊರಟವರೆಲ್ಲ ಒಂದೇ ದಿಕ್ಕಿಗೆ ನುಗ್ಗಿದ್ದರಿಂದ ಆನಂದರಾವ್‌ ವೃತ್ತದಿಂದ ನಿಲ್ದಾಣದವರೆಗಿನ ಅಷ್ಟು ದೂರಕ್ಕೇ ಅರ್ಧ ಗಂಟೆ ಹಿಡಿದಿತ್ತು. ನನ್ನ ಬಸ್ಸು ಸಮಯಕ್ಕೆ ಸರಿಯಾಗಿ ಹೊರಟುಹೋಗಿತ್ತು. ಹಬ್ಬದ ಪ್ರಯುಕ್ತ ಬಿಟ್ಟಿದ್ದ ಹೆಚ್ಚುವರಿ ಬಸ್ಸೊಂದರ ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿ, ನಸುಕಿನಲ್ಲಿ ತಲುಪಬೇಕಾದವನು ಬೆಳಗಿನ ತಿಂಡಿಯ ಹೊತ್ತಿಗೆ ಮನೆ ಸೇರಿದೆ. ಅಲ್ಲಿಯವರೆಗೆ ಅಮ್ಮ ನಿದ್ದೆಗೆಟ್ಟು ಕಾದಿದ್ದಳು.

ಆಮೇಲೆ ನಾನು ಒಂದು ಕ್ರಮ ಹಾಕಿಕೊಂಡಿದ್ದೇನೆ. ವಿಮಾನ ನೆಲ ಮುಟ್ಟುವ ವೇಳೆಗೂ ಮುಂದಿನ ಬಸ್ಸು ಅಥವಾ ರೈಲು ಹೊರಡುವ ವೇಳೆಗೂ ನಡುವೆ ಮಾಮೂಲಿ ದಿನಗಳಲ್ಲಿ ಮೂರೂವರೆ ಗಂಟೆ, ಹಬ್ಬದ ಮುನ್ನಾದಿನ ಮತ್ತು ಶುಕ್ರವಾರದ ಸಂಜೆಗಳಲ್ಲಿ ನಾಲ್ಕೂವರೆ ಗಂಟೆ ಬಿಡುತ್ತೇನೆ. ಬೆಳಿಗ್ಗೆ ಎಂಟರಿಂದ ಹನ್ನೊಂದರ ನಡುವೆ ನಗರ ಪ್ರವೇಶಿಸುವವರು ಸಂಜೆಯಷ್ಟೇ ಸಮಯ ಇಟ್ಟುಕೊಳ್ಳಬೇಕು, ಏಕೆಂದರೆ ಕಚೇರಿಗೆ ಹೋಗುವವರೂ ಆಗ ಅದೇ ಕಡೆಗೆ ಹೊರಟಿರುತ್ತಾರೆ. ಬೆಳಗಿನ ಆರರೊಳಗೆ ಇಳಿಯುವ ವಿಮಾನ ಸಿಗುವುದಾದರೆ ಅದನ್ನೇ ಹಿಡಿಯಿರಿ. ಒಂದು ಗಂಟೆಯಲ್ಲಿ ಮೆಜೆಸ್ಟಿಕ್‌ನಲ್ಲಿರುತ್ತೀರಿ.

ಒಬ್ಬರೇ ಅಥವಾ ಇಬ್ಬರೇ ಬರುವವರಿಗೆ ನಾನು ಮೊದಲು ಹೇಳುವುದು ಬಿಎಂಟಿಸಿಯ ವಾಯು ವಜ್ರ ಬಸ್ಸು. ಹವಾನಿಯಂತ್ರಿತ ಬಸ್ಸು, ಒಳಗೆ ಸೂಟ್‌ಕೇಸ್‌ ಇಡಲು ಕಟ್ಟೆಯಂಥ ಜಾಗ, ಟಿಕೆಟ್ಟು ಕೊಡಲು ಕಂಡಕ್ಟರು, ಹಣ ಕೊಡಲು ಯುಪಿಐ ವ್ಯವಸ್ಥೆ ಎಲ್ಲವೂ ಇವೆ. ಮಾರ್ಗಗಳಿಗೆ ಕೆಐಎ ಎಂಬ ಅಕ್ಷರಗಳೊಂದಿಗೆ ಸಂಖ್ಯೆಗಳಿದ್ದು, ಮೆಜೆಸ್ಟಿಕ್‌ಗೆ ಬರುವುದು ಕೆಐಎ 9, ಎಲೆಕ್ಟ್ರಾನಿಕ್ಸ್‌ ಸಿಟಿಗೆ ಹೋಗುವುದು ಕೆಐಎ 8. ಟರ್ಮಿನಲ್ಲಿನಿಂದ ಹೊರಬಂದ ಮೇಲೆ ಬಸ್ಸಿನ ಚಿತ್ರವಿರುವ ಫಲಕಗಳನ್ನು ಅನುಸರಿಸಿದರೆ ಸಾಕು. ಸಂಖ್ಯೆಯನ್ನು ಕಣ್ಣಾರೆ ನೋಡಿ, ‘ಮೆಜೆಸ್ಟಿಕ್‌ ತಾನೆ?’ ಎಂದು ಕಂಡಕ್ಟರನ್ನು ಒಮ್ಮೆ ಕೇಳಿಯೇ ಹತ್ತಬೇಕು, ಏಕೆಂದರೆ ಎಲ್ಲ ಬಸ್ಸುಗಳೂ ನೋಡಲು ಒಂದೇ ಬಗೆಯವು ಮತ್ತು ಹೆಬ್ಬಾಳದ ನಂತರ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ರಾತ್ರಿಯಲ್ಲಿಯೂ ಮೆಜೆಸ್ಟಿಕ್‌ ಮಾರ್ಗದ ಬಸ್ಸುಗಳು ಇರುತ್ತವೆ. ಹಗಲಿಗಿಂತ ಅಂತರ ಹೆಚ್ಚು, ಅಷ್ಟೆ.

ಹೋದ ವರ್ಷ ಅಮ್ಮನನ್ನು ಅಹಮದಾಬಾದಿಗೆ ಕರೆದೊಯ್ದು ಮರಳಿ ಕರೆತರುವಾಗ, ಅವಳು ಬಸ್ಸಿನಲ್ಲಿ ಕುಳಿತ ಕೂಡಲೇ ಚೀಲದಿಂದ ಆಧಾರ್‌ ಕಾರ್ಡು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗಿರುವ ಉಚಿತ ಪ್ರಯಾಣ ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ವಾಯು ವಜ್ರದಲ್ಲಿ ಎಲ್ಲರೂ ಟಿಕೆಟ್ಟು ಕೊಳ್ಳಬೇಕು. ಊರಿನಿಂದ ಬರುವ ಅನೇಕ ಹೆಂಗಸರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ ಮನೆಯವರು ಮುಂಚಿತವಾಗಿಯೇ ಹೇಳಿ ಕಳುಹಿಸಿದರೆ ಅವರಿಗೆ ಬಸ್ಸಿನಲ್ಲಿ ಸಂಕೋಚವಾಗುವುದಿಲ್ಲ.

ಟ್ಯಾಕ್ಸಿಯನ್ನು ನಾನು ಬೇಡವೆನ್ನುವುದಿಲ್ಲ. ಮೂರು ನಾಲ್ಕು ಜನರಿದ್ದು ಲಗೇಜು ಹೆಚ್ಚಿದ್ದರೆ, ಜೊತೆಯಲ್ಲಿ ನಡೆಯಲಾರದ ಹಿರಿಯರಿದ್ದರೆ, ಅಥವಾ ಹೋಗಬೇಕಾದ ಮನೆ ಬಸ್ಸಿನ ದಾರಿಯಿಂದ ದೂರವಿದ್ದರೆ ಅದೇ ಸರಿಯಾದ ಆಯ್ಕೆ. ನಗರದ ಮಧ್ಯಭಾಗಕ್ಕೆ ಸಾವಿರ ರೂಪಾಯಿಯ ಆಚೀಚೆ ಆಗುತ್ತದೆ. ಮೊಬೈಲಿನಲ್ಲಿ ಕಾದಿರಿಸುವ ಟ್ಯಾಕ್ಸಿಗಳ ದರ ಮಳೆ ಬಂದಾಗ ಮತ್ತು ಸಂಜೆಯ ವೇಳೆಯಲ್ಲಿ ಇದಕ್ಕಿಂತ ಏರುತ್ತದೆ. ಸಾದಹಳ್ಳಿಯ ಟೋಲ್‌ ಪ್ರಯಾಣಿಕರ ಲೆಕ್ಕಕ್ಕೇ ಬರುವುದರಿಂದ, ಮೊತ್ತದಲ್ಲಿ ಅದು ಸೇರಿದೆಯೇ ಇಲ್ಲವೇ ಎಂಬುದನ್ನು ಹತ್ತುವ ಮೊದಲೇ ಕೇಳಿಕೊಳ್ಳಬೇಕು. ಕಾರಿಗಾಗಿ ಎಲ್ಲಿ ಕಾಯಬೇಕೆಂಬುದು ಎರಡು ಟರ್ಮಿನಲ್ಲುಗಳಲ್ಲಿ ಬೇರೆ ಬೇರೆ. ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್ಲಿಗೆ ಬರುತ್ತವೆ; ದೇಶೀಯ ವಿಮಾನಗಳು ಎರಡಕ್ಕೂ ಹಂಚಿಹೋಗಿವೆ. ಕರೆದೊಯ್ಯಲು ಬರುವ ನೆಂಟರಿಗೆ ಟರ್ಮಿನಲ್‌ ಯಾವುದೆಂದು ವಿಮಾನ ಹತ್ತುವ ಮೊದಲೇ ತಿಳಿಸಿರಿ. ಚಿಕ್ಕಪ್ಪನವರೊಮ್ಮೆ ಒಂದನೆಯ ಟರ್ಮಿನಲ್ಲಿನಲ್ಲಿ ನಿಂತು, ಎರಡನೆಯದರಲ್ಲಿ ಇಳಿದಿದ್ದ ನನಗಾಗಿ ಮುಕ್ಕಾಲು ಗಂಟೆ ಕಾದಿದ್ದರು.

ಹೊರಬರುವ ಬಾಗಿಲಿನ ಬಳಿ ‘ಎಲ್ಲಿಗೆ ಸರ್‌, ಟ್ಯಾಕ್ಸಿ ಬೇಕಾ?’ ಎಂದು ಕೇಳಿಕೊಂಡು ಹತ್ತಿರ ಬರುವವರ ಬಗ್ಗೆ ಎಚ್ಚರದಿಂದಿರಬೇಕು. ಐದಾರು ವರ್ಷಗಳ ಹಿಂದೆ ಹಾಗೆ ಬಂದವನೊಬ್ಬನನ್ನು ನಂಬಿ ಅವನ ಹಿಂದೆ ಹೋದೆ. ಅವನು ಹೇಳಿದ್ದು ಎಂಟುನೂರು ರೂಪಾಯಿ. ಮೇಖ್ರಿ ವೃತ್ತ ದಾಟಿದ ಮೇಲೆ ಟೋಲ್‌, ಪಾರ್ಕಿಂಗ್‌, ರಾತ್ರಿ ದರ ಎಂದು ಒಂದೊಂದಾಗಿ ಸೇರಿಸುತ್ತ ಹದಿನೆಂಟುನೂರಕ್ಕೆ ತಂದು ನಿಲ್ಲಿಸಿದ. ರಾತ್ರಿ ಹನ್ನೊಂದೂವರೆಗೆ ಬೀದಿಯಲ್ಲಿ ನಿಂತು ಜಗಳವಾಡುವ ಧೈರ್ಯ ನನಗಿರಲಿಲ್ಲವಾದ್ದರಿಂದ ಕೇಳಿದಷ್ಟು ಕೊಟ್ಟೆ. ನಿಲ್ದಾಣದ ಅಧಿಕೃತ ಟ್ಯಾಕ್ಸಿ ಸಾಲಿನಲ್ಲಿ ನಿಂತರೆ ಅಥವಾ ಮೊಬೈಲಿನಲ್ಲಿ ಕಾದಿರಿಸಿದರೆ ಗಾಡಿಯ ಸಂಖ್ಯೆಯೂ ಚಾಲಕರ ಹೆಸರೂ ದಾಖಲೆಯಲ್ಲಿರುತ್ತವೆ. ತಕರಾರು ಬಂದಾಗ ಅದೇ ನಮ್ಮ ಆಧಾರ. ರಾತ್ರಿ ಒಬ್ಬರೇ ಬರುವ ಮಹಿಳೆಯರಂತೂ ಬೇರೆ ದಾರಿಯನ್ನು ಯೋಚಿಸಲೇಬಾರದು.

ರೈಲಿನ ವಿಷಯವನ್ನು ಬಹಳ ಜನ ಕೇಳುತ್ತಾರೆ. ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಪುಟ್ಟ ಹಾಲ್ಟ್‌ ನಿಲ್ದಾಣ 2021ರ ಜನವರಿಯಿಂದ ಇದೆ. ಟಿಕೆಟ್ಟು ಬಹಳ ಅಗ್ಗ, ಹೆಬ್ಬಾಳದ ಸಿಗ್ನಲ್ಲುಗಳ ತೊಂದರೆಯೂ ಇಲ್ಲ. ಆದರೆ ಆ ಹಾಲ್ಟ್‌ ಟರ್ಮಿನಲ್ಲಿನ ಬಾಗಿಲಲ್ಲಿಲ್ಲ, ಕೆಲವು ಕಿಲೋಮೀಟರು ದೂರವಿದೆ. ಅಲ್ಲಿಂದ ಮತ್ತೊಂದು ಬಸ್ಸಿನಲ್ಲಿ ಹೋಗಬೇಕು. ಗಾಡಿಗಳೂ ದಿನಕ್ಕೆ ಬೆರಳೆಣಿಕೆಯಷ್ಟು. ನಾನು ಒಮ್ಮೆ ಊರಿನಿಂದ ಮರಳುವಾಗ ಅದರಲ್ಲಿ ಹೋದೆ. ಸಮಯ ಹೊಂದಿದ್ದರಿಂದ ಪ್ರಯಾಣ ಹಿತವಾಗಿತ್ತು. ವಿಮಾನ ತಡವಾಗುವ ಸಂಭವವಿರುವ ಕಾರಣ, ಬರುವಾಗ ಅದನ್ನೇ ನಂಬಿ ಮುಂದಿನ ಟಿಕೆಟ್ಟು ಮಾಡಬೇಡಿ. ಮೆಟ್ರೋದ ನೀಲಿ ಮಾರ್ಗ ಸಿಲ್ಕ್‌ ಬೋರ್ಡಿನಿಂದ ಕೆ.ಆರ್‌.ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಬರಲಿದ್ದು, ಬಳ್ಳಾರಿ ರಸ್ತೆಯಲ್ಲಿ ಅದರ ಕಂಬಗಳು ಕಾಣಿಸುತ್ತವೆ. ಅದು ಓಡತೊಡಗಿದ ದಿನ ಈ ಬರಹದ ಅರ್ಧ ಭಾಗ ಬೇಡವಾಗುತ್ತದೆ, ಮತ್ತು ಆ ದಿನ ಬೇಗ ಬರಲೆಂದು ನಾನು ಮನಸಾರೆ ಬಯಸುತ್ತೇನೆ.

ಮುಂದಿನ ಊರಿಗೆ ಹೋಗುವವರು ನಿಜವಾಗಿ ಮೆಜೆಸ್ಟಿಕ್‌ಗೇ ಬರಬೇಕೆ ಎಂಬುದನ್ನೂ ಯೋಚಿಸಬೇಕು. ಮೈಸೂರು, ಮಡಿಕೇರಿಗಳಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ಗಳು ವಿಮಾನ ನಿಲ್ದಾಣದಿಂದಲೇ ಹೊರಡುವುದರಿಂದ ಆ ಕಡೆಯವರು ನಗರದ ಒಳಗೆ ಬಂದು ಮೈಸೂರು ರಸ್ತೆಯ ಸ್ಯಾಟಲೈಟ್‌ ನಿಲ್ದಾಣ ಹುಡುಕುವ ಅಗತ್ಯವೇ ಇಲ್ಲ. ರೈಲಿಗೆ ಹೋಗುವವರಂತೂ ಟಿಕೆಟ್ಟಿನಲ್ಲಿರುವ ನಿಲ್ದಾಣದ ಹೆಸರನ್ನು ಎರಡು ಸಲ ಓದಬೇಕು. ಬೆಂಗಳೂರು ಎಂದರೆ ಮೆಜೆಸ್ಟಿಕ್‌ ಎದುರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವೇ ಎಂದು ಭಾವಿಸುವ ಕಾಲ ಹೋಯಿತು. ಯಶವಂತಪುರದಿಂದ ಹೊರಡುವ ಗಾಡಿಗಳಿವೆ, ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ತೆರೆದ ಸರ್‌ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೊರಡುವವೂ ಇವೆ. ಯಶವಂತಪುರಕ್ಕೆ ಹೋಗಬೇಕಾದವರು ಮೆಜೆಸ್ಟಿಕ್‌ವರೆಗೆ ಹೋಗದೆ ಮೇಖ್ರಿ ವೃತ್ತದಲ್ಲಿ ಇಳಿದು ಆಟೋ ಹಿಡಿದರೆ ಸಮಯ ಉಳಿಯುತ್ತದೆ. ಬೈಯಪ್ಪನಹಳ್ಳಿಯ ಟರ್ಮಿನಲ್ಲಿಗೆ, ಲಗೇಜು ಇದ್ದರೆ, ನೇರವಾಗಿ ಟ್ಯಾಕ್ಸಿಯಲ್ಲಿ ಹೋಗುವುದೇ ಒಳ್ಳೆಯದು.

ಮೆಜೆಸ್ಟಿಕ್‌ನಲ್ಲಿ ವಾಯು ವಜ್ರ ನಿಮ್ಮನ್ನು ಇಳಿಸುವುದು ಬಿಎಂಟಿಸಿಯ ನಿಲ್ದಾಣದಲ್ಲಿ. ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವ ನಾಡಪ್ರಭು ಕೆಂಪೇಗೌಡ ಮೆಟ್ರೋ ನಿಲ್ದಾಣ ಅಲ್ಲಿಗೆ ಹೊಂದಿಕೊಂಡಿದೆ. ವಿಧಾನಸೌಧ, ಕಬ್ಬನ್‌ ಪಾರ್ಕ್‌, ಎಂ.ಜಿ. ರಸ್ತೆಗಳಿಗೆ ಹೋಗುವವರು ಇಲ್ಲಿ ಆಟೋದವರೊಡನೆ ಚೌಕಾಸಿ ಮಾಡದೆ ನೇರಳೆ ಮಾರ್ಗ ಹಿಡಿಯಬಹುದು. ಊರುಗಳಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳು ನಿಲ್ಲುವುದು ರಸ್ತೆಯ ಆಚೆ ಬದಿಯಲ್ಲಿ. ಎರಡು ದೊಡ್ಡ ಸೂಟ್‌ಕೇಸ್‌ಗಳೊಂದಿಗೆ ಅಲ್ಲಿಗೆ ಹೋಗಿ ನಿಮ್ಮ ಬಸ್ಸು ನಿಲ್ಲುವ ಅಂಕಣವನ್ನು ಹುಡುಕಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ನಾನು ಹೇಳಿದ ಮೂರೂವರೆ ಗಂಟೆಯಲ್ಲಿ ಈ ಇಪ್ಪತ್ತು ನಿಮಿಷವೂ, ಹತ್ತುವ ಮೊದಲು ಒಂದು ತಟ್ಟೆ ಇಡ್ಲಿ ತಿನ್ನುವ ಸಮಯವೂ ಸೇರಿವೆ.