ಮೂವತ್ತು ವರ್ಷದ ಹಿಂದಿನ ಐದು ಕಂಠಗಳು

ಮಂಗಳೂರು, 6 ಮೇ 2026, ಬುಧವಾರ

ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಎಂಬ ಅಮೆರಿಕದ ಐವರು ಗಾಯಕರ ತಂಡದ ಮೊದಲ ಆಲ್ಬಮ್‌ಗೆ ಇಂದು ಮೂವತ್ತು ವರ್ಷ ತುಂಬಿತು. ತಂಡದ ಹೆಸರನ್ನೇ ಹೊತ್ತ ಆ ಆಲ್ಬಮ್ ಹೊರಬಂದದ್ದು 1996ರ ಮೇ 6ರಂದು. ಶಾಲೆಗೆ ರಜೆ, ಸೆಕೆ ವಿಪರೀತ, ಮಧ್ಯಾಹ್ನ ಕರೆಂಟೂ ಇರಲಿಲ್ಲ. ಬಹಳ ದಿನಗಳಿಂದ ಬರೆಯಬೇಕೆಂದುಕೊಂಡಿದ್ದನ್ನು ಇಂದಾದರೂ ಬರೆಯುತ್ತೇನೆ.

ಸಂಜೆ ಅಕ್ಕನ ಮಗಳು ತನ್ನ ಮೂವರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದಳು. ತಿಂಗಳ ಕೊನೆಯಲ್ಲಿ ನಮ್ಮ ಕುಟುಂಬದಲ್ಲೊಂದು ಮದುವೆ. ರಿಸೆಪ್ಶನ್‌ನಲ್ಲಿ ‘ಐ ವಿಲ್ ನೆವರ್ ಬ್ರೇಕ್ ಯುವರ್ ಹಾರ್ಟ್’ ಹಾಡುವುದೆಂದು ನಾಲ್ವರೂ ಹಟ ಹಿಡಿದಿದ್ದಾರೆ. ನಾನು ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಗಾಯನವೃಂದವಾದ ಕೊಯರ್‌ನಲ್ಲಿ ಆಲ್ಟೊ, ಅಂದರೆ ಹೆಣ್ಣುದನಿಯ ಕೆಳಗಿನ ಸಾಲು, ಹಾಡುವವಳು; ಯಾರಿಗೆ ಯಾವ ಸ್ವರ ಎಂದು ಹಂಚಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

“ಮೌಶಿ, ಇದು 1997ರ ಆಲ್ಬಮ್ ಅಲ್ಲವೇ? ಇಲ್ಲಿ ಹಾಗೇ ಇದೆ,” ಎಂದು ಮೊಬೈಲ್ ತೋರಿಸಿದಳು. ಅವಳು ನೋಡುತ್ತಿದ್ದದ್ದು ಅಮೆರಿಕದ ಆವೃತ್ತಿಯನ್ನು. ಒಂದೇ ಹೆಸರಿನ ಎರಡು ಆಲ್ಬಮ್‌ಗಳಿವೆ. 1996ರದ್ದು ಯುರೋಪಿಗೆ ಮತ್ತು ಹೊರಗಿನ ಬೇರೆ ದೇಶಗಳಿಗೆ. 1997ರ ಆಗಸ್ಟ್ 12ರಂದು ಅಮೆರಿಕದಲ್ಲಿ ಬಂದದ್ದರಲ್ಲಿ ಅದರ ಕೆಲವು ಹಾಡುಗಳನ್ನೂ ಎರಡನೆಯ ಆಲ್ಬಮ್‌ನ ಕೆಲವನ್ನೂ ಸೇರಿಸಿದ್ದರು. ‘ನಾವು ಮರಳಿ ಬಂದಿದ್ದೇವೆ’ ಎಂದು ಕೂಗುವ ಹಾಡೊಂದು ಎರಡನೆಯ ಆಲ್ಬಮ್‌ನಲ್ಲಿತ್ತು. ಅಮೆರಿಕಕ್ಕೆ ಇನ್ನೂ ಬಂದೇ ಇಲ್ಲದವರು ಮರಳಿ ಬರುವುದು ಹೇಗೆಂದು ಕಂಪನಿ ಅದನ್ನು ಮೊದಲು ಅಲ್ಲಿ ಕೈಬಿಟ್ಟು, ಆಮೇಲೆ ಸೇರಿಸಿತು. ತಮ್ಮ ಊರಿನ ಹುಡುಗರನ್ನು ಅಮೆರಿಕ ಎಷ್ಟು ತಡವಾಗಿ ಕೇಳಿಸಿಕೊಂಡಿತು ಎನ್ನುವುದಕ್ಕೆ ಈ ಒಂದು ಸಂಗತಿ ಸಾಕು.

ತಂಡ ಹುಟ್ಟಿದ್ದು ಫ್ಲೋರಿಡಾದ ಆರ್ಲ್ಯಾಂಡೊದಲ್ಲಿ, 1993ರ ಏಪ್ರಿಲ್‌ನಲ್ಲಿ. ಹೆಸರು ಬಂದದ್ದು ಅಲ್ಲಿನದೇ ಒಂದು ಸಂತೆಯಿಂದ. ಎ. ಜೆ. ಮ್ಯಾಕ್ಲೀನ್, ಹೌವಿ ಡರೋ, ನಿಕ್ ಕಾರ್ಟರ್, ಕೆವಿನ್ ರಿಚರ್ಡ್‌ಸನ್ ಸೇರಿದ ಮೇಲೆ ಐದನೆಯವನಿಗಾಗಿ ಹುಡುಕಾಟ ನಡೆಯಿತು. ಕೆವಿನ್ ತನ್ನ ಸೋದರಸಂಬಂಧಿಯಾದ ಬ್ರಯಾನ್ ಲಿಟ್ರೆಲ್‌ಗೆ ಕೆಂಟಕಿಗೆ ಫೋನ್ ಮಾಡಿದ. ಹುಡುಗ ಇನ್ನೂ ಶಾಲೆಯಲ್ಲಿದ್ದ. ಮರುದಿನವೇ ವಿಮಾನ ಹತ್ತಿ ಬಂದ. ಬ್ರಯಾನ್ ಚಿಕ್ಕಂದಿನಿಂದ ಲೆಕ್ಸಿಂಗ್ಟನ್‌ನ ತಮ್ಮ ಚರ್ಚಿನಲ್ಲಿ ಹಾಡಿ ಬೆಳೆದವನು. ಇದು ನನಗೆ ತಿಳಿದದ್ದು ಬಹಳ ತಡವಾಗಿ, ಆದರೆ ಅವನ ಧ್ವನಿ ಕೇಳಿದಾಗಲೆಲ್ಲ ‘ಇವನು ಪಕ್ಕದವನ ಸ್ವರ ಕೇಳಿಸಿಕೊಂಡು ಹಾಡುತ್ತಾನೆ’ ಎನಿಸುತ್ತಿತ್ತು. ಕೊಯರ್‌ನಲ್ಲಿ ಹಾಡಿದವರಿಗೆ ಅದು ತಾನಾಗಿ ಬರುತ್ತದೆ. ಒಂಟಿಯಾಗಿ ಹಾಡಿ ಬೆಳೆದವರಿಗೆ ಕಲಿಸಿದರೂ ಬರುವುದು ಕಷ್ಟ.

1995ರ ಜೂನ್‌ನಲ್ಲಿ ಐವರೂ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೋದರು. ಅಲ್ಲಿನ ಶೈರಾನ್ ಸ್ಟುಡಿಯೊದಲ್ಲಿ ಡೆನಿಜ್ ಪಾಪ್ ಎಂಬ ನಿರ್ಮಾಪಕನಿದ್ದ. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದವನು ಮ್ಯಾಕ್ಸ್ ಮಾರ್ಟಿನ್, ಮೊದಲು ಹೆವಿ ಮೆಟಲ್ ತಂಡದಲ್ಲಿ ಹಾಡುತ್ತಿದ್ದವನು. ಇವರ ಜೊತೆ ಹರ್ಬಿ ಕ್ರಿಚ್‌ಲೋ. ಅಲ್ಲಿ ಸಿದ್ಧವಾದ ಮೊದಲ ಹಾಡು ‘ವಿ ಹ್ಯಾವ್ ಗಾಟ್ ಇಟ್ ಗೋಯಿಂಗ್ ಆನ್’. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 69ಕ್ಕಿಂತ ಮೇಲೆ ಹತ್ತಲಿಲ್ಲ. ಜರ್ಮನಿಯಲ್ಲಿ ಮೊದಲ ಐದರೊಳಗೆ ಬಂತು.

ಅಮೆರಿಕದ ರೇಡಿಯೊಗಳಲ್ಲಿ ಆಗ ಗ್ರಂಜ್ ಎಂಬ ಒರಟು ರಾಕ್ ಮತ್ತು ಹಿಪ್‌ಹಾಪ್‌ನ ಕಾಲ. ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬ ಅಮೆರಿಕದ ಹುಡುಗರ ತಂಡ 1994ರಲ್ಲಿ ಮುರಿದಿತ್ತು. ಸಾಲಾಗಿ ನಿಂತು ಹಾಡುವ ಹುಡುಗರೆಂದರೆ ಹಳಸಿದ ಸರಕು ಎಂಬ ತೀರ್ಮಾನ ಆಗಿಹೋಗಿತ್ತು. ಯುರೋಪಿನಲ್ಲಿ ಮಾತ್ರ ಇಂಥ ಹಾಡಿಗೆ ಜಾಗವಿತ್ತು. 1996ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಟೇಕ್ ದ್ಯಾಟ್ ತಂಡ ಬೇರೆಯಾಗುವುದಾಗಿ ಘೋಷಿಸಿದಾಗ ಆ ಜಾಗ ಪೂರ್ತಿ ತೆರವಾಯಿತು. ಮೂರು ತಿಂಗಳಿಗೆ ಈ ಆಲ್ಬಮ್ ಬಂತು. ಅದೇ ನವೆಂಬರ್‌ನಲ್ಲಿ ಎಂಟಿವಿಯ ಯುರೋಪ್ ಪ್ರಶಸ್ತಿಗಳಲ್ಲಿ ‘ಗೆಟ್ ಡೌನ್’ ಹಾಡಿಗೆ ಪ್ರಶಸ್ತಿಯೂ ಸಿಕ್ಕಿತು.

ನಮ್ಮ ಮನೆಗೆ ಅದು ತಲುಪಿದ್ದು ಕುವೈತಿನಿಂದ ರಜೆಗೆ ಬಂದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ, ಹಾಲಿನ ಪುಡಿ ಮತ್ತು ಟೈಗರ್ ಬಾಮ್ ನಡುವೆ. ಮಂಗಳೂರಿನಲ್ಲಿ ಆ ಕಾಲದ ಪಾಶ್ಚಾತ್ಯ ಸಂಗೀತ ಹೆಚ್ಚಿನಂಶ ಕೊಲ್ಲಿಯ ದಾರಿಯಿಂದಲೇ ಬರುತ್ತಿತ್ತು. ನಾನಾಗ ಪಿಯುಸಿಯಲ್ಲಿದ್ದೆ. ಹಂಪನಕಟ್ಟೆಯಲ್ಲಿ ಖಾಲಿ ಕ್ಯಾಸೆಟ್ ಕೊಂಡು ತಂದು, ಇಬ್ಬರ ಟೇಪ್‌ರೆಕಾರ್ಡರ್ ಜೋಡಿಸಿ ಪ್ರತಿ ಮಾಡಿಕೊಂಡ ಗೆಳತಿಯರು ಎಷ್ಟೋ ಮಂದಿ. ಪ್ರತಿಯ ಪ್ರತಿಯಲ್ಲಿ ಮೇಲಿನ ಸ್ವರಗಳು ಮಂಕಾಗಿ, ಕೆವಿನ್‌ನ ಮಂದ್ರ ಮಾತ್ರ ಗಟ್ಟಿಯಾಗಿ ಉಳಿಯುತ್ತಿತ್ತು. ಮುಂದಿನ ಬೆಂಚಿನ ಒಬ್ಬಳಿಗೆ ಕೆವಿನ್ ಅಚ್ಚುಮೆಚ್ಚಾಗಲು ಅದೇ ಕಾರಣವಿರಬೇಕು ಎಂದು ನನಗೆ ಈಗಲೂ ಅನಿಸುತ್ತದೆ.

ಹಾಡಿನ ಸಾಲುಗಳನ್ನು ಎಲ್ಲಿಂದಲೂ ಇಳಿಸಿಕೊಳ್ಳುವ ಸೌಕರ್ಯ ಇರಲಿಲ್ಲ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಬರೆಯುವುದು, ಹಿಂದಕ್ಕೆ ತಿರುಗಿಸುವುದು. ಹಾಗೆ ಕೇಳುವಾಗಲೇ ಮುಖ್ಯ ಗಾಯಕನ ಹಿಂದೆ ಇನ್ನೊಂದು ಸಾಲು ಇದೆ, ಅದರ ಹಿಂದೆ ಮತ್ತೊಂದಿದೆ ಎನ್ನುವುದು ಕಿವಿಗೆ ಬಿತ್ತು. ನಮ್ಮ ಕೊಯರ್ ಮಾಸ್ಟರರಿಗೆ ಕೇಳಿಸಿದೆವು. ಲತೀನ್ ಗೀತೆಗಳನ್ನು ಬಿಟ್ಟು ಬೇರೇನನ್ನೂ ಸುಲಭಕ್ಕೆ ಮೆಚ್ಚದವರು. ‘ಕ್ವಿಟ್ ಪ್ಲೇಯಿಂಗ್ ಗೇಮ್ಸ್’ ಹಾಡಿನ ಪಲ್ಲವಿಯನ್ನು ಎರಡು ಸಲ ಕೇಳಿ, ಕೀಬೋರ್ಡಿನ ಮೇಲೆ ಮೂರು ಸಾಲುಗಳನ್ನು ಬಿಡಿಸಿ ನುಡಿಸಿದರು. “ಕೆಲಸ ಅಚ್ಚುಕಟ್ಟಾಗಿದೆ, ಯಾರೂ ಯಾರ ಮೇಲೂ ಬೀಳುವುದಿಲ್ಲ,” ಎಂದರು. ಆ ಮಾತಿನಷ್ಟು ಸರಿಯಾದ ವಿಮರ್ಶೆಯನ್ನು ಈ ಆಲ್ಬಮ್ ಬಗ್ಗೆ ನಾನು ಆಮೇಲೆ ಓದಿಲ್ಲ.

ನಮ್ಮ ಕಾಲೇಜಿನಲ್ಲಿ ದೊಡ್ಡವರ ಅಭಿಪ್ರಾಯವೇ ಬೇರೆ. ಪಟ ನೋಡಿ ಮರುಳಾದ ಹುಡುಗಿಯರು, ಎರಡು ವರ್ಷದಲ್ಲಿ ಮರೆತುಬಿಡುತ್ತಾರೆ ಎನ್ನುತ್ತಿದ್ದರು. ಪತ್ರಿಕೆಗಳೂ ಅದೇ ಧಾಟಿಯಲ್ಲಿ ಬರೆಯುತ್ತಿದ್ದವು: ಅಚ್ಚಿಗೆ ಸುರಿದು ಮಾಡಿದ ತಂಡ, ತಮ್ಮ ಹಾಡನ್ನು ತಾವು ಬರೆಯದವರು, ವಾದ್ಯ ನುಡಿಸದವರು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಬೇರೊಬ್ಬರು ಬರೆದದ್ದನ್ನು ಹಾಡುವವರನ್ನು ಕಡಿಮೆ ಎನ್ನುವುದಾದರೆ ನಮ್ಮ ಸಿನಿಮಾ ಗಾಯಕರಲ್ಲಿ ಯಾರು ಉಳಿಯುತ್ತಾರೆ? ಪಟ ನೋಡಿ ಮರುಳಾದರು ಎಂಬ ಮಾತಂತೂ ನಮ್ಮ ಮಟ್ಟಿಗೆ ಶುದ್ಧ ಸುಳ್ಳು. ನನ್ನ ಗೆಳತಿಯರಲ್ಲಿ ಹೆಚ್ಚಿನವರ ಬಳಿ ಇದ್ದದ್ದು ಪ್ರತಿ ಮಾಡಿದ ಕ್ಯಾಸೆಟ್. ಅದರ ಮೇಲೆ ಪಟವೇ ಇರಲಿಲ್ಲ, ಬಾಲ್‌ಪೆನ್ನಿನಲ್ಲಿ ಬರೆದ ಹೆಸರಿತ್ತು. ಐವರಲ್ಲಿ ಯಾರು ಯಾವ ಸಾಲು ಹಾಡುತ್ತಾರೆ ಎಂಬುದನ್ನು ಮುಖ ನೋಡುವ ಮೊದಲೇ ಕಂಠದಿಂದ ಗುರುತಿಸುತ್ತಿದ್ದೆವು. ಎ. ಜೆ.ಯದ್ದು ಒರಟು, ಬ್ರಯಾನ್‌ನದ್ದು ಬೆಚ್ಚಗೆ, ಹೌವಿ ಎಲ್ಲರಿಗಿಂತ ಮೇಲೆ.

ಆಲ್ಬಮ್ ಪೂರ್ತಿ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ‘ಬಾಯ್ಸ್ ವಿಲ್ ಬಿ ಬಾಯ್ಸ್’, ‘ಲೆಟ್ಸ್ ಹ್ಯಾವ್ ಎ ಪಾರ್ಟಿ’ ಇವೆಲ್ಲ ಜಾಗ ತುಂಬಿಸಲು ಹಾಕಿದವು. ಕೂಗಾಟ ಹೆಚ್ಚು, ಹಾಡು ಕಡಿಮೆ. ಒಂದೇ ಆಲ್ಬಮ್ ಮೂರು ಕಡೆಯ ರುಚಿಯನ್ನು ಹೊತ್ತಿದೆ. ಸ್ಟಾಕ್‌ಹೋಮ್‌ನ ಬಿಗಿ ತಾಳ, ‘ಗೆಟ್ ಡೌನ್’ನಂತಹ ಜರ್ಮನ್ ಡಿಸ್ಕೊ, ಆರ್ಲ್ಯಾಂಡೊದಲ್ಲಿ ಮಾಡಿದ ನಿಧಾನದ ಪ್ರೇಮಗೀತೆಗಳು. ಅವು ಒಂದಕ್ಕೊಂದು ಪೂರ್ತಿ ಬೆಸೆದಿಲ್ಲ. ಆದರೆ ನಿಧಾನದ ಹಾಡುಗಳಲ್ಲಿ ಐವರೂ ನಿಜವಾಗಿ ಏನು ಬಲ್ಲರು ಎನ್ನುವುದು ಕಾಣುತ್ತದೆ. ‘ಕ್ವಿಟ್ ಪ್ಲೇಯಿಂಗ್ ಗೇಮ್ಸ್’ನ ಎರಡನೆಯ ಚರಣವನ್ನು ಮೊದಲು ಬ್ರಯಾನ್ ಹಾಡಿದ್ದ, ಆಮೇಲೆ ಅದನ್ನು ನಿಕ್ ಧ್ವನಿಯಲ್ಲಿ ಮತ್ತೆ ಮುದ್ರಿಸಿದರು. ನಿಕ್ ಹುಟ್ಟಿದ್ದು 1980ರ ಜನವರಿಯಲ್ಲಿ. ಗಂಟಲು ಒಡೆಯುವ ವಯಸ್ಸಿನ ಹುಡುಗನ ದನಿ ಆ ಚರಣಕ್ಕೆ ಬಂದಾಗ ಹಾಡಿನ ಬೇಡಿಕೆಗೆ ಒಂದು ನಿಜ ಬಂದಿತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಗೊತ್ತಾಗುತ್ತದೆ.

ಅದೇ ಹಾಡು 1997ರಲ್ಲಿ ಅಮೆರಿಕದಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು. ಆ ವರ್ಷ ಸ್ಪೈಸ್ ಗರ್ಲ್ಸ್ ಮತ್ತು ಹ್ಯಾನ್ಸನ್ ಎಂಬ ಪಾಪ್ ತಂಡಗಳವರು ಅಲ್ಲಿ ದಾರಿ ತೆರೆದಿದ್ದರು ಎನ್ನುವುದೂ ನಿಜ. ಅಮೆರಿಕದ ಆವೃತ್ತಿ ಕೊನೆಗೆ 14 ಪ್ಲಾಟಿನಮ್ ಪ್ರಮಾಣಪತ್ರ ಪಡೆಯಿತು, ಅಂದರೆ ಒಂದು ಕೋಟಿ ನಲವತ್ತು ಲಕ್ಷ ಪ್ರತಿಗಳ ಲೆಕ್ಕ. 1999ರ ಗ್ರ್ಯಾಮಿಯಲ್ಲಿ ‘ಹೊಸ ಕಲಾವಿದರು’ ವಿಭಾಗದಲ್ಲಿ ಅವರ ಹೆಸರಿತ್ತು. ತಂಡ ಕಟ್ಟಿ ಆರು ವರ್ಷವಾಗುತ್ತ ಬಂದಿತ್ತು, ಜರ್ಮನಿಯ ಹುಡುಗಿಯರು ಮತ್ತು ನಾವು ಅವರನ್ನು ಕೇಳಲು ತೊಡಗಿ ವರ್ಷಗಳೇ ಕಳೆದಿದ್ದವು.

ಅಚ್ಚಿಗೆ ಸುರಿದ ತಂಡ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟು ಬರೆಯಲಾರೆ. ಹಣ ಹಾಕಿ ತಂಡ ಕಟ್ಟಿದ ಲೂ ಪರ್ಲ್‌ಮನ್ ತನ್ನನ್ನು ಆರನೆಯ ಸದಸ್ಯನೆಂದು ಲೆಕ್ಕ ಹಿಡಿದು ಪಾಲು ತೆಗೆದುಕೊಳ್ಳುತ್ತಿದ್ದ. 1998ರಲ್ಲಿ ಹುಡುಗರು ಅವನ ಮೇಲೆ ಮೊಕದ್ದಮೆ ಹೂಡಿದರು. ಮುಂದೆ ಜನರ ಠೇವಣಿ ನುಂಗಿದ ಬೇರೊಂದು ಭಾರಿ ವಂಚನೆಯಲ್ಲಿ ಅವನಿಗೆ 2008ರಲ್ಲಿ 25 ವರ್ಷ ಶಿಕ್ಷೆಯಾಯಿತು. 2016ರಲ್ಲಿ ಸೆರೆಯಲ್ಲೇ ತೀರಿಹೋದ. ಡೆನಿಜ್ ಪಾಪ್ 1998ರಲ್ಲೇ ಕ್ಯಾನ್ಸರಿನಿಂದ ಹೋಗಿದ್ದ, ತನ್ನ ಶಿಷ್ಯ ಮ್ಯಾಕ್ಸ್ ಮಾರ್ಟಿನ್ ಎಷ್ಟು ಎತ್ತರಕ್ಕೆ ಏರಿದ ಎಂಬುದನ್ನು ನೋಡಲು ಅವನಿರಲಿಲ್ಲ. ವಿಮರ್ಶಕರು ನಕಲಿಯನ್ನು ಹುಡುಕಬೇಕಾಗಿದ್ದದ್ದು ಪರ್ಲ್‌ಮನ್‌ನ ಲೆಕ್ಕದ ಪುಸ್ತಕದಲ್ಲಿ. ಅವರು ಹುಡುಕಿದ್ದು ಐವರು ಹುಡುಗರ ಕಂಠದಲ್ಲಿ.

ಇನ್ನು ಸಂಜೆಯ ಅಭ್ಯಾಸ. ಆರಂಭದ ಮಾತಿನ ಭಾಗವನ್ನು ಬಿಡಿ ಎಂದೆ. ಮದುವೆ ಮನೆಯಲ್ಲಿ ಅದು ಹೊಂದುವುದಿಲ್ಲ. ಪಲ್ಲವಿಗೆ ಮೂರು ಸ್ವರ ಹಂಚಿದೆ: ಮುಖ್ಯ ಸಾಲು ಅಕ್ಕನ ಮಗಳಿಗೆ, ಅದರ ಮೇಲಿನದು ಅವಳ ಗೆಳತಿಗೆ, ಕೆಳಗಿನದು ಹುಡುಗರಲ್ಲಿ ಒಬ್ಬನಿಗೆ. ನಾಲ್ಕನೆಯವನು ತಳದ ಷಡ್ಜ ಹಿಡಿಯಬೇಕು. ಒಬ್ಬೊಬ್ಬರೇ ಹಾಡಿದಾಗ ಎಲ್ಲರದೂ ಸರಿ. ಒಟ್ಟಿಗೆ ಹಾಡಿದ ಕೂಡಲೇ ಕೆಳಗಿನ ಸಾಲಿನವನು ಜಾರಿ ಮುಖ್ಯ ಸಾಲಿಗೆ ಸೇರಿಕೊಳ್ಳುತ್ತಿದ್ದ. ಅದಕ್ಕಿಂತ ಕಷ್ಟವಾದದ್ದು ‘ಹಾರ್ಟ್’ ಎಂಬ ಕೊನೆಯ ಪದ. ಆ ಕೊನೆಯ ‘ಟ್’ ನಾಲ್ವರ ಬಾಯಿಂದ ನಾಲ್ಕು ಕ್ಷಣಗಳಲ್ಲಿ ಉದುರುತ್ತಿತ್ತು. ಮೂಲವನ್ನು ಹಾಕಿ, ಕಣ್ಣು ಮುಚ್ಚಿ ಆ ಒಂದೇ ವ್ಯಂಜನವನ್ನು ಕೇಳಿ ಎಂದೆ. ಅಲ್ಲಿ ಅದು ಒಂದೇ ಸಲ ಕೇಳುತ್ತದೆ. ಇಬ್ಬರು ಮಾತ್ರ ‘ಟ್’ ಹೇಳಿ, ಉಳಿದವರು ಸ್ವರದಲ್ಲೇ ನಿಲ್ಲಿಸಿ ಎಂದು ನಮ್ಮ ಮಾಸ್ಟರರು ಕಲಿಸಿದ ಉಪಾಯ ಹೇಳಿಕೊಟ್ಟೆ. ಆಗ ಸಾಲು ಕೂಡಿತು.

“ಇಷ್ಟೊಂದು ಕೆಲಸ ಇದೆ ಎಂದು ಕೇಳುವಾಗ ಗೊತ್ತೇ ಆಗುವುದಿಲ್ಲವಲ್ಲ ಮೌಶಿ,” ಎಂದಳು. ಮುಖ್ಯ ಸಾಲು ಹಾಡುವಾಗ ಅವಳ ಗಂಟಲು ಮೇಲೆ ಬಿಗಿಯಾಗುತ್ತಿದೆ. ಒಂದು ಸ್ವರ ಇಳಿಸಿದರೆ ತಳದವನಿಗೆ ಎಟುಕುವುದಿಲ್ಲ, ಅರ್ಧ ಇಳಿಸಿ ನೋಡಬೇಕು. ಶುಕ್ರವಾರ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಹೊಸ ಶ್ರುತಿಯಲ್ಲಿ ನಾಲ್ಕೂ ಸಾಲುಗಳನ್ನು ಬೇರೆ ಬೇರೆಯಾಗಿ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸುತ್ತೇನೆಂದು ಹೇಳಿದ್ದೇನೆ. ಮೇಲಿನ ಎರಡು ಸಾಲು ಮುಗಿದಿವೆ, ಕೆಳಗಿನವು ನಾಳೆ ಬೆಳಿಗ್ಗೆ.